ಕೊನೆಗಾಲದ ತೀರ್ಮಾನ ಯಾರದು?

ಚೇತರಿಕೆಯ ಭರವಸೆಯೇ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಕುರಿತು ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿ, 2023ರಲ್ಲಿ ಸರಳಗೊಳಿಸಿದ ನಿರ್ದೇಶನಗಳ ಜಾರಿಯೇ ಇದರ ಉದ್ದೇಶ. ಘನತೆಯ ಸಾವಿನ ಹಕ್ಕಿಗಾಗಿ ದೀರ್ಘಕಾಲ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರಂಥವರ ಶ್ರಮಕ್ಕೆ ಸಂದ ಗೆಲುವಿದು. ಆದರೆ ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ, ಇದು ಹಕ್ಕಿನ ಅರ್ಧ ಭಾಗ ಮಾತ್ರ.

ಕಾಗದದ ಕೆಲಸವೇನೋ ಹಗುರವಾಗಿದೆ. ಸ್ವಸ್ಥಚಿತ್ತರಾದ ವಯಸ್ಕರು ತಮಗೆ ಎಂಥ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದು, ತಮ್ಮ ಪರವಾಗಿ ತೀರ್ಮಾನಿಸಬೇಕಾದ ಆಪ್ತರನ್ನು ಹೆಸರಿಸಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. 2023ಕ್ಕೆ ಮುನ್ನ ಇದಕ್ಕೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು. ಈಗ ತಾಲ್ಲೂಕು ಕೇಂದ್ರದಲ್ಲೇ ಈ ಕೆಲಸ ಮುಗಿಯುತ್ತದೆ.

ಆದರೆ ನಮ್ಮ ಹಳ್ಳಿಗಳ ಬಹುಪಾಲು ರೋಗಿಗಳ ಪ್ರಶ್ನೆ ವೆಂಟಿಲೇಟರಿನದಲ್ಲ. ತಮ್ಮ ಕಾಯಿಲೆ ಏನು, ನೋವು ತಗ್ಗೀತೇ, ಮನೆಯಲ್ಲೇ ಇರಬಹುದೇ ಎಂಬುದಷ್ಟೇ. ಕೊರಟಗೆರೆ ತಾಲ್ಲೂಕಿನ ನನ್ನ ಬಂಧುವೊಬ್ಬರಿಗೆ ಗಂಟಲಿನ ಕ್ಯಾನ್ಸರ್ ಆದಾಗ, ‘ಹುಣ್ಣು, ವಾಸಿಯಾಗುತ್ತದೆ’ ಎಂದೇ ಎಲ್ಲರೂ ಹೇಳುತ್ತಿದ್ದರು. ಹಿರಿಯ ವೈದ್ಯರೊಬ್ಬರು ಮಂಚದ ಪಕ್ಕ ಕುಳಿತು ನಿಜ ತಿಳಿಸಿದ ಮೇಲೆ ಅವರು ಕುಗ್ಗಲಿಲ್ಲ. ಮಕ್ಕಳನ್ನು ಕರೆಸಿ ಜಮೀನಿನ ವಿಭಾಗಪತ್ರ ಮಾಡಿಸಿದರು. ಮುನಿಸಿಕೊಂಡಿದ್ದ ತಮ್ಮನಿಗೆ ಹೇಳಿಕಳುಹಿಸಿದರು. ಸತ್ಯ ಹೇಳಿದರೆ ರೋಗಿ ಧೃತಿಗೆಡುತ್ತಾನೆ ಎಂಬ ಮಾತು ಪ್ರೀತಿಯಿಂದ ಹುಟ್ಟಿದ್ದು ನಿಜ. ಆದರೆ ಅದು ಅವನ ಉಳಿದ ದಿನಗಳನ್ನು ಅವನ ಕೈಯಿಂದಲೇ ಕಸಿದುಕೊಳ್ಳುತ್ತದೆ.

ಅವರನ್ನು ಮನೆಗೆ ಕರೆತಂದರೂ ನೋವಿನ ಮಾತ್ರೆಗಾಗಿ ಮಗ ಮತ್ತೆ ಮತ್ತೆ ಬೆಂಗಳೂರಿಗೆ ಹೋಗಬೇಕಾಯಿತು. ಪಾವಗಡದವರಿಗಾದರೆ ಜಿಲ್ಲಾ ಕೇಂದ್ರವೇ ಸುಮಾರು 100 ಕಿ.ಮೀ. ದೂರ. ಬಸ್ ಚಾರ್ಜು, ತಪ್ಪಿದ ಕೂಲಿ, ಕೈಸಾಲ ಇವನ್ನು ಕೂಡಿದರೆ ಔಷಧಿಗಿಂತ ದಾರಿಯೇ ದುಬಾರಿ. ಯಾವ ಆಯವ್ಯಯ ಪತ್ರದಲ್ಲಿಯೂ ಈ ಲೆಕ್ಕ ಕಾಣಿಸುವುದಿಲ್ಲ. ಮಾರ್ಫಿನ್ ದುಬಾರಿ ಔಷಧಿಯಲ್ಲ. ಅದರ ಪೂರೈಕೆಗೆ ಅಡ್ಡಿಯಾಗಿದ್ದ ಹಲವು ಪರವಾನಗಿಗಳ ಗೋಜಲನ್ನು 2014ರ ಮಾದಕವಸ್ತು ಕಾಯ್ದೆಯ ತಿದ್ದುಪಡಿ ಸಡಿಲಿಸಿದೆ.

ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ನೆರೆಯ ಕೇರಳ 2008ರಲ್ಲಿಯೇ ಉಪಶಾಮಕ ಆರೈಕೆ ನೀತಿ ರೂಪಿಸಿ, ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಹೊಣೆಯಲ್ಲಿ ಪಂಚಾಯಿತಿಗಳನ್ನೂ ತೊಡಗಿಸಿತು. ನಮ್ಮ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಒಬ್ಬ ವೈದ್ಯ, ಒಬ್ಬ ಶುಶ್ರೂಷಕಿ, ಮಾರ್ಫಿನ್ ದಾಸ್ತಾನು, ವಾರಕ್ಕೆರಡು ದಿನ ಹಳ್ಳಿಗಳಿಗೆ ಹೋಗಿಬರಲು ಒಂದು ವಾಹನ ಇಷ್ಟನ್ನು ಖಾತರಿಪಡಿಸುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂಬುದು ಆಶಾ ಕಾರ್ಯಕರ್ತೆಯರಿಗೆ ಗೊತ್ತೇ ಇರುತ್ತದೆ.

ಚಿಕಿತ್ಸೆ ಬೇಡವೆನ್ನುವ ಹಕ್ಕು ದೊರೆತಿದೆ, ಸರಿ. ಆದರೆ ನೋವಿಗೆ ಮದ್ದು ಸಿಗದ ಊರಿನಲ್ಲಿ ರೋಗಿ ‘ಬೇಡ’ ಎಂದರೆ ಅದು ಅವನ ಆಯ್ಕೆಯಲ್ಲ, ಅಸಹಾಯಕತೆ. ಸುತ್ತೋಲೆಯ ಮುಂದಿನ ಹೆಜ್ಜೆ ತಾಲ್ಲೂಕು ಆಸ್ಪತ್ರೆಯ ಔಷಧಿ ಕೊಠಡಿಯಿಂದಲೇ ಆರಂಭವಾಗಬೇಕು.