ಗೊತ್ತಿದ್ದರೇ ಎದೆಬಡಿತ ಹೆಚ್ಚು

ಥ್ರಿಲ್ಲರ್ ಎಂದರೆ ಕತ್ತಲು, ಕಿರುಗುಟ್ಟುವ ಬಾಗಿಲು, ಬೆನ್ನ ಹಿಂದೆ ಯಾರದೋ ನೆರಳು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ನಿರ್ದೇಶಕ ಏನನ್ನೋ ಬಚ್ಚಿಟ್ಟಿದ್ದಾನೆ, ಅದು ತಿಳಿಯದಿರುವುದರಿಂದಲೇ ನಾವು ಉಸಿರು ಬಿಗಿಹಿಡಿದು ಕೂರುತ್ತೇವೆ ಎಂದುಕೊಳ್ಳುತ್ತೇವೆ. 1961ರ ಅಕ್ಟೋಬರ್‌ನಲ್ಲಿ ಅಮೆರಿಕದ ಟೀವಿಯಲ್ಲಿ ಪ್ರಸಾರವಾದ ಅರ್ಧ ಗಂಟೆಯ ಕಂತೊಂದು ಈ ಎಣಿಕೆಯನ್ನು ತಲೆಕೆಳಗು ಮಾಡುತ್ತದೆ. ‘ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ ಸರಣಿಗೆ ಹಿಚ್‌ಕಾಕ್ ತಾವೇ ನಿರ್ದೇಶಿಸಿದ ‘ಬ್ಯಾಂಗ್! ಯು ಆರ್ ಡೆಡ್’ ಅದು. ಕೌಬಾಯ್ ಆಟದ ಹುಚ್ಚಿನ ಜಾಕಿ ಎಂಬ ಪುಟ್ಟ ಹುಡುಗ, ಆಫ್ರಿಕಾದಿಂದ ಬಂದಿಳಿದ ಅಂಕಲ್‌ನ ಸೂಟ್‌ಕೇಸಿನಲ್ಲಿ ಸಿಕ್ಕ ನಿಜವಾದ ರಿವಾಲ್ವರನ್ನು ಆಟಿಕೆ ಎಂದುಕೊಂಡು, ಗುಂಡು ತುಂಬಿ, ಊರೊಳಗೆ ಹೊರಡುತ್ತಾನೆ. ಅಲ್ಲಿ ಕತ್ತಲಿಲ್ಲ, ಖಳನಾಯಕನಿಲ್ಲ, ಗುಟ್ಟೂ ಇಲ್ಲ. ಹಾಡಹಗಲು, ಸೂಪರ್‌ಮಾರ್ಕೆಟ್, ಹುಡುಗನ ಆಟಕ್ಕೆ ನಗುನಗುತ್ತಾ ಸೊಪ್ಪು ಹಾಕುವ ದೊಡ್ಡವರು. ಆದರೂ ನೋಡುವವರ ಅಂಗೈ ಬೆವರುತ್ತದೆ. ಕಾರಣ, ಆ ದೊಡ್ಡವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ.

ಈ ಲೆಕ್ಕಾಚಾರವನ್ನು ಹಿಚ್‌ಕಾಕ್ ಮರುವರ್ಷ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೊ ಅವರೊಂದಿಗಿನ ಮಾತುಕತೆಯಲ್ಲಿ ಬಿಡಿಸಿಟ್ಟರು. ಹರಟುತ್ತ ಕೂತವರ ಮೇಜಿನ ಕೆಳಗೆ ಏಕಾಏಕಿ ಬಾಂಬ್ ಸಿಡಿದರೆ ಪ್ರೇಕ್ಷಕರು 15 ಸೆಕೆಂಡ್ ಬೆಚ್ಚುತ್ತಾರೆ; ಬಾಂಬ್ ಇರುವುದನ್ನು ಮೊದಲೇ ತೋರಿಸಿಬಿಟ್ಟರೆ ಅದೇ ಹರಟೆ 15 ನಿಮಿಷದ ಸಂಕಟವಾಗುತ್ತದೆ. ಜಾಕಿಯ ಕೈಯಲ್ಲಿರುವುದು ಊರೆಲ್ಲ ಓಡಾಡುವ ಬಾಂಬ್. ನಾವದನ್ನು ಮರೆಯದಂತೆ ಕಾಯುವುದು ಕ್ಯಾಮೆರಾದ ಕೆಲಸ. ಸಿಲಿಂಡರಿಗೆ ಗುಂಡು ಇಳಿಯುವುದನ್ನು ಕ್ಲೋಸಪ್ಪಿನಲ್ಲಿ ತೋರಿಸುವಾಗ, ಅದರ ಎಲ್ಲ ತೂತುಗಳೂ ತುಂಬಿಲ್ಲ ಎಂಬುದೂ ನಮ್ಮ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಟ್ರಿಗರ್ ಒತ್ತಿದಾಗ ಗುಂಡು ಹಾರದಿದ್ದರೂ ನಿರಾಳವಾಗುವಂತಿಲ್ಲ. ಮುಂದಿನ ಸಲ ಹಾರುವ ಸಂಭವ ಹೆಚ್ಚಿತೆಂದೇ ಅರ್ಥ. ಸಾಲದ್ದಕ್ಕೆ ಹುಡುಗ ನಡುವೆ ಇನ್ನಷ್ಟು ಗುಂಡು ತುಂಬಿಕೊಳ್ಳುತ್ತಾನೆ. ಅತ್ತ ಹೆತ್ತವರು ಹುಡುಕುವುದು, ಇತ್ತ ಮಗ ಆಡುವುದು ಎಂದು ಸಂಕಲನ ನಮ್ಮನ್ನು ಎಳೆದಾಡಿಸಿದಂತೆಲ್ಲ, ಸಿಕ್ಕಿಬಿಡಲಿ ಎಂಬ ಆಸೆಯೂ ಹೊತ್ತು ಮೀರಿತು ಎಂಬ ಅಳುಕೂ ಜೊತೆಜೊತೆಗೇ ಬೆಳೆಯುತ್ತವೆ.

ಇದು ಬರಿಯ ಕಸುಬಿನವರ ನಂಬಿಕೆಯಲ್ಲ ಎನ್ನಲು ಪುರಾವೆಯಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಯೂರಿ ಹ್ಯಾಸನ್ ಮತ್ತು ಸಂಗಡಿಗರು ಬೇರೆ ಬೇರೆ ಪ್ರೇಕ್ಷಕರಿಗೆ ಇದೇ ಕಂತನ್ನು ತೋರಿಸಿ, ಎಫ್‌ಎಂಆರ್‌ಐ ಯಂತ್ರದಿಂದ ಅವರ ಮಿದುಳಿನ ಚಟುವಟಿಕೆಯನ್ನು ಹೋಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನ ಸುಮಾರು ಶೇ. 65ರಷ್ಟು ಭಾಗ ಎಲ್ಲರಲ್ಲೂ ಏಕಕಾಲಕ್ಕೆ ಒಂದೇ ಬಗೆಯಲ್ಲಿ ಏರಿಳಿದಿತ್ತು. ಸರ್ಜಿಯೊ ಲಿಯೋನೆಯ ಕೌಬಾಯ್ ಚಿತ್ರವೊಂದರಲ್ಲಿ ಇದು ಶೇ. 45, ಹಾಸ್ಯ ಧಾರಾವಾಹಿಯೊಂದರಲ್ಲಿ ಶೇ. 18. ನ್ಯೂಯಾರ್ಕಿನ ಪಾರ್ಕೊಂದನ್ನು ಕಟ್ ಇಲ್ಲದೆ, ಕತೆಯಿಲ್ಲದೆ ಸುಮ್ಮನೆ ಚಿತ್ರೀಕರಿಸಿದ ತುಣುಕಿಗೆ ಶೇ. 5ಕ್ಕಿಂತ ಕಡಿಮೆ. ಕ್ಯಾಮೆರಾ ಎದುರಿಗಿದ್ದುದನ್ನು ದಾಖಲಿಸಿದ ಮಾತ್ರಕ್ಕೆ ಜನರ ಗಮನ ಒಂದೆಡೆ ಕೂಡುವುದಿಲ್ಲ. ಯಾವಾಗ ಏನನ್ನು ತೋರಿಸಬೇಕೆಂಬ ಆಯ್ಕೆ ಅದನ್ನು ಕೂಡಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜ. ಎಲ್ಲರೂ ಒಂದೇ ಚಿತ್ರ ನೋಡಿ, ಒಂದೇ ಸದ್ದು ಕೇಳುವಾಗ ಮಿದುಳುಗಳು ತಾಳೆಯಾಗುವುದರಲ್ಲಿ ಏನು ಹೆಚ್ಚುಗಾರಿಕೆ? ಅದರಿಂದ ಆತಂಕದ ಅಳತೆ ಸಿಕ್ಕೀತೆ? ಈ ತಕರಾರಿನಲ್ಲಿ ಹುರುಳಿದೆ, ಶೇ. 65 ಎಂಬುದು ಭಯದ ಅಂಕವೂ ಅಲ್ಲ, ಕಲೆಯ ಗುಣಮಟ್ಟದ ಅಂಕವೂ ಅಲ್ಲ. ಆದರೆ ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಲೊರಿನಾ ನಾಚಿ, ಏಡ್ರಿಯನ್ ಓವನ್ ತಂಡ 2014ರಲ್ಲಿ ಇದೇ ಕಂತಿನ ಎಂಟು ನಿಮಿಷದ ಆವೃತ್ತಿ ಬಳಸಿ ಒಂದು ಹೆಜ್ಜೆ ಮುಂದೆ ಹೋಯಿತು. ತುಣುಕುಗಳನ್ನು ಕಲಸಿ ಹಿಂದುಮುಂದು ಮಾಡಿ ತೋರಿಸಿದಾಗ, ಕಾಣುವ ಮತ್ತು ಕೇಳುವ ಭಾಗಗಳು ಪ್ರತಿಕ್ರಿಯಿಸಿದರೂ ಯೋಚನೆ, ಎಣಿಕೆಗಳಲ್ಲಿ ತೊಡಗುವ ಮಿದುಳಿನ ಮುಂಭಾಗ ಮತ್ತು ಮೇಲ್ಭಾಗದ ಜಾಲದ ಹೊಂದಾಣಿಕೆ ಕುಸಿಯಿತು. ಚಿತ್ರ ಅದೇ, ಸದ್ದು ಅದೇ. ಹೋದದ್ದು ‘ಯಾರಿಗೆ ಏನು ಗೊತ್ತು, ಮುಂದೇನಾದೀತು’ ಎಂಬ ಎಳೆ. 16 ವರ್ಷಗಳಿಂದ ಹೊರಗೆ ಯಾವ ಪ್ರತಿಕ್ರಿಯೆಯನ್ನೂ ತೋರದಿದ್ದ ರೋಗಿಯೊಬ್ಬರ ಮಿದುಳು ಕೂಡ ಈ ಕತೆಯನ್ನು ಆರೋಗ್ಯವಂತರಂತೆಯೇ ಹಿಂಬಾಲಿಸುತ್ತಿದ್ದುದನ್ನು ತಂಡ ಕಂಡಿತು. ಸಸ್ಪೆನ್ಸ್ ನಮ್ಮಿಂದ ಲೆಕ್ಕ ಹಾಕಿಸುತ್ತದೆ ಎಂಬುದು ಇದರಿಂದ ಸ್ಪಷ್ಟ. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನ ಸಂಶೋಧಕರು 2015ರಲ್ಲಿ ಇನ್ನೊಂದನ್ನು ಸೇರಿಸಿದರು: ದೃಶ್ಯದ ಆತಂಕ ಏರಿದಾಗ, ಪರದೆಯ ಅಂಚಿನಲ್ಲಿ ಮಿನುಗುವ ಚೌಕಳಿಗೆ ಮಿದುಳಿನ ದೃಷ್ಟಿ ಕೇಂದ್ರ ತೋರುವ ಸ್ಪಂದನ ತಗ್ಗುತ್ತದೆ. ಕ್ಲೋಸಪ್ ಚೌಕಟ್ಟನ್ನು ಕಿರಿದು ಮಾಡುವಂತೆ ಮಿದುಳೂ ತನ್ನ ಗಮನವನ್ನು ಕಿರಿದು ಮಾಡಿಕೊಳ್ಳುತ್ತದೆ.

ಕೊನೆ ಗೊತ್ತಿದ್ದೂ ಅದೇ ಚಿತ್ರವನ್ನು ಎರಡನೇ ಸಲ ನೋಡುವಾಗ ಎದೆ ಬಡಿದುಕೊಳ್ಳುವುದೇಕೆ ಎಂದು ಕೇಳಬಹುದು. ಅನಿಶ್ಚಿತತೆಯೇ ಸಸ್ಪೆನ್ಸ್‌ನ ಏಕೈಕ ಮೂಲವಾಗಿದ್ದರೆ ಹಾಗಾಗಬಾರದು. ಆದರೆ ಆತಂಕಕ್ಕೆ ಇನ್ನೊಂದು ಬೇರಿದೆ, ಅದು ಅಸಹಾಯಕತೆ. ಆ ಹುಡುಗನ ಕೈಯಿಂದ ರಿವಾಲ್ವರ್ ಕಸಿಯಲು ಮೊದಲ ಸಲ ನಮ್ಮಿಂದ ಆಗಲಿಲ್ಲ, ಹತ್ತನೇ ಸಲವೂ ಆಗುವುದಿಲ್ಲ. ತಿಳಿವಳಿಕೆ ಹೆಚ್ಚಿದಷ್ಟೂ ಈ ಅಸಹಾಯಕತೆ ಹರಿತವಾಗುತ್ತದೆ. ಹಾಗಾದರೆ ಕೊಲೆಗಾರನನ್ನು ಕೊನೆಯವರೆಗೂ ಬಚ್ಚಿಡುವ ಪತ್ತೇದಾರಿ ಕತೆಗಳು ಗೆಲ್ಲುವುದು ಹೇಗೆ? ಅವು ಕೆರಳಿಸುವುದು ಆಗಿಹೋದದ್ದರ ಬಗೆಗಿನ ಕುತೂಹಲವನ್ನು. ಆತಂಕದ ಕಣ್ಣು ಆಗಲಿರುವುದರ ಮೇಲೆ. ಅಂಥ ಕತೆಯಲ್ಲೂ ಎದೆ ನಡುಗುವುದು, ಮುಂದಿನ ಬಲಿ ಯಾರಾಗಬಹುದೆಂಬ ಸುಳಿವು ನಮಗೆ ಸಿಕ್ಕಾಗಲೇ.

ನಮ್ಮ ದೈನಂದಿನ ಧಾರಾವಾಹಿಗಳನ್ನೂ ಈ ಒರೆಗೆ ಹಚ್ಚಬಹುದು. ಒಂದೇ ಮುಖಕ್ಕೆ ಮೂರು ಸಲ ಜೂಮ್, ಗುಡುಗಿನಂಥ ಸದ್ದು, ಸುತ್ತಲಿನವರೆಲ್ಲರ ಬೆರಗಿನ ಕಣ್ಣುಗಳು, ಅಲ್ಲಿಗೆ ಕಂತು ಮುಗಿಯುತ್ತದೆ. ಕಾಲವನ್ನು ಹಿಗ್ಗಿಸುವುದು ತಪ್ಪಲ್ಲ. ಹಿಚ್‌ಕಾಕ್ ಮಾಡಿದ್ದೂ ಅದನ್ನೇ. ಆದರೆ ಯಾರಿಗೆ ಯಾವ ಕೇಡು ಕಾದಿದೆ, ಅದನ್ನು ತಪ್ಪಿಸಲು ಎಷ್ಟು ಹೊತ್ತು ಉಳಿದಿದೆ ಎಂದು ಪ್ರೇಕ್ಷಕನಿಗೆ ತಿಳಿಯದಿದ್ದರೆ ಹಿಗ್ಗಿಸಿದ ಕಾಲ ಬೇಸರವನ್ನಷ್ಟೇ ತರುತ್ತದೆ. ಸಂಗೀತ, ಬೆಳಕು, ಕ್ಲೋಸಪ್ಪುಗಳು ಇದ್ದ ಆತಂಕವನ್ನು ಹೆಚ್ಚಿಸಬಲ್ಲವು; ಇಲ್ಲದ ಆತಂಕವನ್ನು ಹುಟ್ಟಿಸಲಾರವು. ಅದನ್ನು ಹುಟ್ಟಿಸಬೇಕಾದರೆ ನಿರ್ದೇಶಕ ಪ್ರೇಕ್ಷಕನನ್ನು ನಂಬಿ, ಪಾತ್ರಗಳಿಗೆ ಹೇಳದ್ದನ್ನು ಅವನಿಗೆ ಮೊದಲೇ ಹೇಳಿಬಿಡಬೇಕು.