ಸೆಲ್ ಒಂದೇ, ಹೆಸರು ಊರಿಗೊಂದು

ವ್ಯಾಸಂಗಕ್ಕೋ ನೌಕರಿಗೋ ಹೊರದೇಶಕ್ಕೆ ಹೊರಟ ನಮ್ಮ ಮುಂಬಯಿ, ಪುಣೆಯ ಕನ್ನಡದ ಹುಡುಗ ಹುಡುಗಿಯರ ಸೂಟ್‌ಕೇಸಿನಲ್ಲಿ ಏನೇನಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಕುಕ್ಕರು, ಅದಕ್ಕೆ ಹೆಚ್ಚಿಗೆ ಎರಡು ಗ್ಯಾಸ್ಕೆಟ್ಟು. ಗಡಿಯಾರ ನಿಂತಾಗ ಹಾಕುವ ಸೆಲ್‌ನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲಿ ಬೇಕಾದರೂ ಸಿಗುವ ವಸ್ತು ತಾನೇ? ಸಿಗುತ್ತದೆ, ನಿಜ. ಆದರೆ ಏನೆಂದು ಕೇಳುವುದು?

ನಿಮ್ಮ ಅಜ್ಜನ ಊರಿನಲ್ಲಿ ‘ಬ್ಯಾಟರಿ’ ಎಂದರೆ ಟಾರ್ಚು. ಅದರೊಳಗೆ ಹಾಕುವುದು ‘ಶೆಲ್ಲು’. ಮುಂಬಯಿಯಲ್ಲಿ ‘ಪೆನ್ಸಿಲ್ ಸೆಲ್’ ಎಂದರೆ ಸಾಕು, ಅಂಗಡಿಯವನು ಡಬ್ಬಕ್ಕೆ ಕೈ ಹಾಕುತ್ತಾನೆ. ಅದೇ ಸೆಲ್ ಅಮೆರಿಕ, ಇಂಗ್ಲೆಂಡುಗಳಲ್ಲಿ ‘ಡಬಲ್ ಎ’. ಜರ್ಮನಿಯಲ್ಲಿ ‘ಮಿನ್ಯೋನ್’, ಫ್ರೆಂಚಿನಿಂದ ಬಂದ ಮಾತು, ಮುದ್ದಾದ ಪುಟ್ಟದ್ದು ಎಂದರ್ಥ. ರಿಮೋಟಿಗೆ ಹಾಕುವ ಇನ್ನೂ ಸಣ್ಣದು ಅಲ್ಲಿ ‘ಮೀಕ್ರೋ’, ಹಳೆಯ ಟಾರ್ಚಿನ ದಪ್ಪ ಸೆಲ್ ‘ಮೋನೋ’, ಅದಕ್ಕಿಂತ ಒಂದು ಅಳತೆ ಚಿಕ್ಕದು ‘ಬೇಬಿ’. ಪುಣೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು ಹೋದವರಿಗೂ ಅಂಗಡಿಯಲ್ಲಿ ನಿಂತು ‘ಎರಡು ಬೇಬಿ ಕೊಡಿ’ ಎನ್ನಲು ಸಂಕೋಚವಾದೀತು. ಜಪಾನಿನಲ್ಲಿ ನಮ್ಮ ಪೆನ್ಸಿಲ್ ಸೆಲ್‌ಗೆ ‘ತಾನ್-ಸಾನ್’ ಎನ್ನುತ್ತಾರೆ. ಅಕ್ಬರನ ಆಸ್ಥಾನದ ಗಾಯಕನಿಗೂ ಇದಕ್ಕೂ ಸಂಬಂಧವಿಲ್ಲ. ‘ಸಾನ್’ ಎಂದರೆ ಮೂರು, ಮೂರನೆಯ ಅಳತೆಯದು. ಚೀನಾದಲ್ಲಿ ಅದೇ ಸೆಲ್‌ನ ನಂಬರು 5! ರಷ್ಯನ್ನರು ಬೆರಳಿಗೆ ಹೋಲಿಸುತ್ತಾರೆ, ಟ್ರಿಪಲ್ ಎ ಅವರಿಗೆ ಕಿರುಬೆರಳು.

ಇಷ್ಟೆಲ್ಲ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹಳೆಯ ಸೆಲ್ ಎಸೆಯುವ ಮುನ್ನ ಅದರ ಮೈಮೇಲೆ ಸಣ್ಣಕ್ಷರದಲ್ಲಿರುವ ಸಂಕೇತವನ್ನು ಓದಿ. ಎಲ್‌ಆರ್6 ಎಂದಿದ್ದರೆ ಅದು ಡಬಲ್ ಎ, ಎಲ್‌ಆರ್03 ಎಂದರೆ ಟ್ರಿಪಲ್ ಎ, ಎಲ್‌ಆರ್20 ಎಂದರೆ ಟಾರ್ಚಿನದು. ಇದು ಅಂತರರಾಷ್ಟ್ರೀಯ ಸಂಕೇತ. ಬರ್ಲಿನ್ ಆಗಲಿ ಟೋಕಿಯೋ ಆಗಲಿ, ಬದಲಾಗುವುದಿಲ್ಲ. ಮೊದಲಿನ ‘ಎಲ್’ ಅಲ್ಕಲೈನ್ ಎಂಬುದರ ಗುರುತು. ಅದಿಲ್ಲದೆ ಬರೀ ಆರ್6 ಎಂದಿದ್ದರೆ ಹಳೆಯ ಮಾದರಿಯ ಜಿಂಕ್-ಕಾರ್ಬನ್ ಸೆಲ್, ನಮ್ಮಲ್ಲಿ ಎವರೆಡಿ, ನಿಪ್ಪೊ ಹೆಸರಿನಲ್ಲಿ ಅಗ್ಗವಾಗಿ ಸಿಗುವಂಥದ್ದು. ಗೋಡೆ ಗಡಿಯಾರಕ್ಕೆ ಅದು ಧಾರಾಳವಾಗಿ ಸಾಕು. ಇನ್ನೊಂದು ಸಮಾಧಾನ: ಗೋಡೆಯ ಕರೆಂಟು ಇಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120, ಜಪಾನಿನಲ್ಲಿ 100 ಎಂದು ಬದಲಾಗುತ್ತದೆ, ಪೆನ್ಸಿಲ್ ಸೆಲ್‌ಗೆ ಎಲ್ಲ ಕಡೆಯೂ ಒಂದೂವರೆ ವೋಲ್ಟೇ.

ನಾಣ್ಯದಂಥ ಚಪ್ಪಟೆ ಸೆಲ್‌ಗಳ ಸಂಕೇತ ಇನ್ನೂ ಸುಲಭ. ಸಿಆರ್2032 ಎಂದರೆ ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2. ಅದು ಸಿಗಲಿಲ್ಲವೆಂದು 2025 ತಂದರೆ ಅಗಲ ಸರಿಹೋಗುತ್ತದೆ, ದಪ್ಪ ಸಾಲದೆ ಒಳಗೆ ಅಲ್ಲಾಡುತ್ತದೆ. ಇವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು ಎಂಬುದು ಬರೀ ಬಾಯಿಮಾತಲ್ಲ. ನುಂಗಿದ ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಅಂಥ ಸಾವುಗಳಾದ ಮೇಲೆಯೇ ಅಮೆರಿಕ 2022ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿತು. ಪೊಟ್ಟಣ ಬಿಚ್ಚಲು ಕತ್ತರಿ ಬೇಕಾದರೆ ಬೈಯಬೇಡಿ.

ಖಾಲಿಯಾದ ಸೆಲ್‌ಗಳನ್ನು ಜರ್ಮನಿಯಲ್ಲಿ ಮನೆಯ ಕಸಕ್ಕೆ ಹಾಕುವಂತಿಲ್ಲ. ಮಾರುವ ಅಂಗಡಿಯೇ ಉಚಿತವಾಗಿ ಹಿಂದಕ್ಕೆ ಪಡೆಯಬೇಕು. ಅದಕ್ಕೆಂದೇ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲೂ 2006ರಿಂದ ಕಸದ ಬುಟ್ಟಿಗೆ ಹಾಕುವುದು ನಿಷಿದ್ಧ.

ಗಡಿಯಾರ ನಿಂತರೆ ಏನೂ ಮುಳುಗಿಹೋಗುವುದಿಲ್ಲ, ಮೊಬೈಲಿನಲ್ಲಿ ಹೊತ್ತು ನೋಡಬಹುದು. ನಿಮ್ಮ ತಂದೆತಾಯಿ, ಅಜ್ಜಿ ನಾಲ್ಕು ತಿಂಗಳಿಗೆಂದು ಬಂದು ನಿಂತಾಗಲೇ ಸೆಲ್‌ನ ಬೆಲೆ ತಿಳಿಯುವುದು. ಸಕ್ಕರೆ ಕಾಯಿಲೆಯವರ ಗ್ಲೂಕೋಮೀಟರು ಅನೇಕ ವೇಳೆ ಆ ಸಿಆರ್2032 ಸೆಲ್‌ನಿಂದಲೇ ನಡೆಯುತ್ತದೆ. ಕಿವಿಯ ಯಂತ್ರದ ಮಾತಂತೂ ಇನ್ನೂ ನಾಜೂಕು. ಆ ದೇಶದಲ್ಲಿ ಅಜ್ಜಿಗೆ ಅರ್ಥವಾಗುವ ದನಿ ನಿಮ್ಮದೊಂದೇ. ಯಂತ್ರ ನಿಂತುಹೋದರೆ ಅವರಿಗೆ ಅಲ್ಲಿ ಕನ್ನಡವೇ ನಿಂತುಹೋದ ಹಾಗೆ. ನೀವು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಅವರು ಸಂಜೆಯವರೆಗೆ ಟೆಲಿಫೋನಿನ ಗಂಟೆಯೂ ಕೇಳಿಸದೆ ಕುಳಿತಿರಬೇಕು.

ಈಗ ಚಾರ್ಜು ಮಾಡುವ ಯಂತ್ರಗಳು ಬಂದಿವೆ. ಸೆಲ್ ಹಾಕುವ ಬಗೆಯದಾದರೆ ಬಣ್ಣವನ್ನು ನೆನಪಿಟ್ಟರೆ ಸಾಕು: 10ನೇ ನಂಬರಿಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಯಾವ ದೇಶದ, ಯಾವ ಕಂಪನಿಯ ಸೆಲ್ ಕೊಂಡರೂ ಇದೇ ಬಣ್ಣ. ಅವರು ಹೊರಡುವ ಮುನ್ನವೇ ಫೋನಿನಲ್ಲಿ ‘ಅಜ್ಜಿ, ಚೀಟಿಯ ಬಣ್ಣ ಯಾವುದು?’ ಎಂದು ಕೇಳಿ ಬರೆದುಕೊಳ್ಳಿ. ಬೆನ್ನಿಗಂಟಿದ ಆ ಚೀಟಿ ಕಿತ್ತೊಡನೆ ಗಾಳಿ ಒಳಹೊಕ್ಕು ಸೆಲ್ ಕೆಲಸ ಆರಂಭಿಸುತ್ತದೆ. ಆಮೇಲೆ ಬಳಸಿದರೂ ಬಿಟ್ಟರೂ ಸವೆಯುತ್ತದೆ. ಆದ್ದರಿಂದ ಮೊದಲೇ ಕಿತ್ತಿಡಬಾರದು. ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಿದರೆ ಒಳ್ಳೆಯದು.

ಜರ್ಮನಿಯಲ್ಲಿ ಇವು ಕಿವಿಯ ಯಂತ್ರದ ಅಂಗಡಿಗಳಲ್ಲಲ್ಲದೆ ಡಿಎಂ, ರಾಸ್‌ಮನ್‌ನಂಥ ಮಳಿಗೆಗಳಲ್ಲೂ ದೊರೆಯುತ್ತವೆ. ಆದರೆ ಭಾನುವಾರ ರೈಲು ನಿಲ್ದಾಣದೊಳಗಿನ ಕೆಲವು ಅಂಗಡಿಗಳನ್ನು ಬಿಟ್ಟರೆ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ಮನೆಯವರು ಶನಿವಾರ ರಾತ್ರಿ ವಿಮಾನ ಇಳಿಯುವವರಿದ್ದರೆ ಪೊಟ್ಟಣವನ್ನು ಮಧ್ಯಾಹ್ನವೇ ತಂದಿಡಿ.