ಅನಂತಪುರದ ಮೊಸಳೆ, ಪಾಲುವಿನ ಮೊಸಳೆ

ಅನಂತಪುರದ ಕೆರೆ ದೇವಸ್ಥಾನಕ್ಕೆ ನೀವು ಹೋಗಿಯೇ ಇರುತ್ತೀರಿ. ಕುಂಬಳೆಯಿಂದ ಐದಾರು ಕಿಲೋಮೀಟರ್, ಅಷ್ಟೇ. ಮುರಕಲ್ಲಿನ ನೆಲ, ಅದರಲ್ಲಿ ಕೆರೆ, ಕೆರೆಯ ನಡುವೆ ಗುಡಿ. ಇಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್ 9ರಂದು ಸತ್ತುಹೋಯಿತು. 2023ರ ನವೆಂಬರದಲ್ಲಿ ಇದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿತು.

“ಬಬಿಯಾ ನೈವೇದ್ಯದ ಅನ್ನ ಮಾತ್ರ ತಿನ್ನುತ್ತಿತ್ತಂತೆ, ಹೌದಾ ಮಾಷ್ಟ್ರೇ?” ಅಂತ ನೀವು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಅನ್ನ ಕೊಟ್ಟದ್ದನ್ನು ಎಷ್ಟೋ ಜನ ಕಂಡಿದ್ದಾರೆ. ಆದರೆ ನೀರಿನ ಅಡಿಯಲ್ಲಿ ಅದು ಏನು ತಿಂದಿತು ಎಂದು ಕಂಡವರು ಯಾರು? ಮೊಸಳೆಯ ಹಲ್ಲು ನೋಡಿ: ಎಲ್ಲವೂ ಮೊಳೆಯ ಹಾಗೆ ಚೂಪು. ಹಿಡಿಯಲಿಕ್ಕೆ ಆಗುತ್ತದೆ, ಅಗಿಯಲಿಕ್ಕೆ ಆಗುವುದಿಲ್ಲ. ಹಸುವಿನ ದವಡೆ ಹಲ್ಲಿನೊಂದಿಗೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು ಮಾತು: ಮೊಸಳೆ ಮೈ ಬಿಸಿ ಮಾಡಿಕೊಳ್ಳಲು ಆಹಾರ ಉರಿಸುವುದಿಲ್ಲ, ಬಿಸಿಲು ಕಾಯಿಸುತ್ತದೆ. ಹಾಗಾಗಿ ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸ ಇದ್ದರೂ ಸಾಯುವುದಿಲ್ಲ. ಕೆರೆಯಲ್ಲಿ ನಾಲ್ಕು ಮೀನು ಸಿಕ್ಕಿದರೆ ಅದಕ್ಕೆ ಹಬ್ಬ!

ಹೊಸದು ಎಲ್ಲಿಂದ ಬಂತು? ಯಾರೂ ತರಬೇಕೆಂದಿಲ್ಲ. ನಮ್ಮ ಸಿಹಿನೀರಿನ ಮೊಸಳೆ ನೀರು ಹುಡುಕಿಕೊಂಡು ನೆಲದ ಮೇಲೆ ಕಿಲೋಮೀಟರ್‌ಗಟ್ಟಲೆ ನಡೆಯಬಲ್ಲದು, ಮಣ್ಣಿನಲ್ಲಿ ಬಿಲ ತೋಡಿ ಅಡಗಬಲ್ಲದು.

ಈಗ ಭೂಪಟ ತೆಗೆಯಿರಿ. ಇಂಡೊನೇಷ್ಯಾದ ಸುಲಾವೆಸಿ ದ್ವೀಪ, ಸಮಭಾಜಕ ವೃತ್ತದಿಂದ ಸುಮಾರು 100 ಕಿ.ಮೀ. ದಕ್ಷಿಣಕ್ಕೆ ಪಾಲು ನಗರ. ಕೊಲ್ಲಿಯ ತುದಿಯಲ್ಲಿರುವ ಈ ಊರಿನ ನದಿಯಲ್ಲಿ ಇರುವುದು ಉಪ್ಪುನೀರಿನ ಮೊಸಳೆ, ನಮ್ಮದಕ್ಕಿಂತ ದೊಡ್ಡ ಜಾತಿ. ಅಲ್ಲಿ ಒಂದು ಮೊಸಳೆಯ ಕುತ್ತಿಗೆಯಲ್ಲಿ 2016ರಿಂದ ಮೋಟಾರ್ ಸೈಕಲ್ಲಿನ ಟಯರು ಸಿಕ್ಕಿಕೊಂಡಿತ್ತು. 2018ರ ಸೆಪ್ಟೆಂಬರ್ 28ರಂದು ಭೂಕಂಪ, ಸುನಾಮಿ ಎರಡೂ ಬಂದು ಊರೇ ನೆಲಸಮವಾದಂತಾಯಿತು, ಸಾವಿರಾರು ಜನ ಸತ್ತರು. ಮೊಸಳೆ ಬದುಕಿತು, ಟಯರಿನೊಂದಿಗೇ.

ಟಯರು ಬೆಳೆಯುವುದಿಲ್ಲ, ಮೊಸಳೆ ಬೆಳೆಯುತ್ತದೆ. ಅಪಾಯ ಇದ್ದದ್ದು ಅಲ್ಲೇ. ವರ್ಷ ಕಳೆದಂತೆ ಉಸಿರು ಕಟ್ಟುವ ಭಯ. ತೆಗೆದವರಿಗೆ ಬಹುಮಾನ ಎಂದು 2020ರಲ್ಲಿ ಅಧಿಕಾರಿಗಳು ಸಾರಿದರು. ಪರಿಣತರು ಬಂದರು, ಆಗಲಿಲ್ಲ. ಕೊನೆಗೆ 2022ರ ಫೆಬ್ರವರಿಯಲ್ಲಿ ಹಕ್ಕಿ ಹಿಡಿಯುವ ಸ್ಥಳೀಯನೊಬ್ಬ ಕೋಳಿಯ ಆಸೆ ತೋರಿಸಿ, ಹಗ್ಗದಿಂದ ಅದನ್ನು ಹಿಡಿದ. ಊರಿನವರೆಲ್ಲ ಸೇರಿ ದಡಕ್ಕೆ ಎಳೆದರು, ಗರಗಸದಿಂದ ಟಯರು ಕೊಯ್ದರು, ಮೊಸಳೆಯನ್ನು ನದಿಗೇ ಬಿಟ್ಟರು. ನೀವು ಮಾತ್ರ ಇದನ್ನು ಪ್ರಯೋಗ ಮಾಡಲು ಹೋಗಬೇಡಿ ಮಕ್ಕಳೇ!

ಮುಂದಿನ ಸಲ ಅನಂತಪುರಕ್ಕೆ ಹೋದಾಗ ಪ್ಲಾಸ್ಟಿಕ್ ತೊಟ್ಟೆ ಚೀಲದಲ್ಲೇ ಇರಲಿ. ದೂರದಲ್ಲಿ ನಿಂತು ಗಡಿಯಾರ ನೋಡಿ: ಮೊಸಳೆ ಎಷ್ಟು ಹೊತ್ತಿಗೆ ದಡಕ್ಕೆ ಬಂತು, ಎಷ್ಟು ಹೊತ್ತಿಗೆ ನೀರಿಗಿಳಿಯಿತು? ಬಿಸಿಲಲ್ಲಿ ಬಾಯಿ ತೆರೆದು ಮಲಗಿದ್ದರೆ ಸಿಟ್ಟು ಬಂದಿದೆ ಎಂದುಕೊಳ್ಳಬೇಡಿ. ತಲೆ ತಣ್ಣಗಾಗಲಿ ಎಂದು ಹಾಗೆ ಮಾಡುತ್ತದೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬರೆದಿಟ್ಟು ಹೋಲಿಸಿ, ನಮಗೆ ಕಳುಹಿಸಿ.